ಅಟ್ಟದಿಂದ ಇಳಿದ ಟಿವಿ ಗೇಮ್: ಬೋರ್ಡ್ ರಿಪೇರಿ ಮತ್ತು ಮಾರ್ಪಾಡು, ಹಂತ ಹಂತವಾಗಿ

"ಅಟ್ಟ ಗುಡಿಸುವಾಗ ನಮ್ಮ ಹಳೇ ಟಿವಿ ಗೇಮ್ ಸಿಕ್ತು ಸಾರ್, ಲೈಟೇ ಬರ್ತಿಲ್ಲ, ಏನ್ ಮಾಡ್ಲಿ?" ಆಯುಧಪೂಜೆಗೆ ಮನೆ ತೊಳೆಯುವ ದಿನಗಳಲ್ಲಿ ಈ ಪ್ರಶ್ನೆ ನನಗೆ ತಪ್ಪದೆ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: "ಲೈಟ್ ಬರುತ್ತೆ, ಹೊಸ ಟಿವಿಗೆ ಕೊಡೋದು ಹೇಗೆ?" ಕೇಳುವವರು ಮೈಸೂರಿನವರು, ಮಂಡ್ಯದವರು, ಮದ್ದೂರು, ಪಾಂಡವಪುರದ ಕಡೆಯವರು. ಹೆಚ್ಚಿನವರು ಚಿಕ್ಕವರಿದ್ದಾಗ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಲ್ಲಿ ಅಪ್ಪನ ಕೈ ಜಗ್ಗಿ ಆ ಪೆಟ್ಟಿಗೆ ಕೊಡಿಸಿಕೊಂಡವರು. ಈಗ ಅದನ್ನು ತಮ್ಮ ಮಕ್ಕಳಿಗೆ ತೋರಿಸಬೇಕೆಂಬ ಆಸೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಇಡೀ ಕೆಲಸವನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ. ನನ್ನ ಮೇಜಿಗೆ ಬಂದ ಪೆಟ್ಟಿಗೆಗಳಲ್ಲಿ ಚಿಪ್ಪೇ ಸತ್ತು ಬಂದವು ಕಡಿಮೆ. ತೊಂದರೆ ಇರುವುದು ನಾಲ್ಕು ಕಡೆ: ಅಡಾಪ್ಟರ್, ಕ್ಯಾಸೆಟ್ ಕೂರುವ ಬಾಯಿ, ವಯಸ್ಸಾಗಿ ಒಣಗಿದ ಕೆಪಾಸಿಟರ್ (ಕರೆಂಟು ತುಂಬಿಟ್ಟುಕೊಳ್ಳುವ ಪುಟ್ಟ ಡಬ್ಬಿ), ಬಿರುಕು ಬಿಟ್ಟ ಬೆಸುಗೆ. ನಿಜವಾಗಿಯೂ ಸತ್ತು ಬಂದವುಗಳಲ್ಲೂ ಹಲವು, ಯಾರೋ ಅಳೆದು ನೋಡದೆ ಐರನ್ ಹಚ್ಚಿದ್ದರಿಂದ ಸತ್ತವು. ಹಾಗಾಗಿ ಕೆಳಗಿನ ಹಂತಗಳಲ್ಲಿ ಐರನ್ ಬಿಸಿಯಾಗುವುದು ಐದನೆಯದರಲ್ಲಿ. ಅಲ್ಲಿಯವರೆಗೆ ಕೈಯಲ್ಲಿರಬೇಕಾದ್ದು ಮೀಟರ್. ಈ ಕ್ರಮವನ್ನು ದಯವಿಟ್ಟು ಹಿಂದೆಮುಂದೆ ಮಾಡಬೇಡಿ.

ನಿಮ್ಮದು ಯಾವ ಪೆಟ್ಟಿಗೆ?

90ರ ದಶಕದಲ್ಲಿ ನಮ್ಮ ಮನೆಗಳಿಗೆ ಹೆಚ್ಚಾಗಿ ಬಂದದ್ದು, ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಕ್ಯಾಸೆಟ್ಟಿನ ಬಾಯಿಯಲ್ಲಿ 60 ಪಿನ್ ಇದ್ದರೆ ನಿಮ್ಮದೂ ಅದೇ ವಂಶದ್ದು. ಇವುಗಳಲ್ಲಿ ಎರಡು ಜಾತಿ. ಹಳೆಯ ಜಾತಿಯ ಬೋರ್ಡಿನ ಮೇಲೆ ನಲವತ್ತು ಕಾಲಿನ ಎರಡು ಉದ್ದನೆಯ ಚಿಪ್ಪುಗಳಿರುತ್ತವೆ. ಒಂದು ಲೆಕ್ಕ ಮಾಡುವ ಸಿಪಿಯು, ಇನ್ನೊಂದು ಪರದೆಗೆ ಚಿತ್ರ ಬಿಡಿಸುವ ಪಿಪಿಯು. ಆಮೇಲೆ ಬಂದ ಅಗ್ಗದ ಜಾತಿಯಲ್ಲಿ ಈ ಎಲ್ಲವೂ ಒಂದೇ ತುಂಡಿನಲ್ಲಿ ಅಡಗಿದ್ದು, ಅದರ ಮೇಲೆ ಕರಿ ಅಂಟಿನ ದೊಡ್ಡ ಬೊಟ್ಟು ಇಟ್ಟಿರುತ್ತಾರೆ. ಆ ಬೊಟ್ಟಿನ ಒಳಗೆ ಕೆಟ್ಟರೆ ಮನೆಯಲ್ಲಿ ರಿಪೇರಿ ಇಲ್ಲ. ಬೊಟ್ಟಿನ ಸುತ್ತ ಇರುವುದೆಲ್ಲವನ್ನೂ ಸರಿಮಾಡಬಹುದು.

ಹೊರದೇಶದಲ್ಲಿದ್ದ ನೆಂಟರು ತಂದುಕೊಟ್ಟದ್ದಾದರೆ ಅದು 72 ಪಿನ್ನಿನ ಎನ್‌ಇಎಸ್, ಅಂದರೆ ಫ್ಯಾಮಿಕಾಮ್‌ನ ಹೊರದೇಶದ ರೂಪ, ಇರಬಹುದು, ಸೆಗಾ ಮೆಗಾ ಡ್ರೈವ್ ಇರಬಹುದು. ರಿಪೇರಿಯ ಕ್ರಮ ಅವಕ್ಕೂ ಇದೇ. ಬೇರೆ ಇರುವ ಕಡೆ ಹೇಳುತ್ತೇನೆ.

ಪ್ಲೇಸ್ಟೇಷನ್, ಸೆಗಾ ಸ್ಯಾಟರ್ನ್, ಡ್ರೀಮ್‌ಕಾಸ್ಟ್ ಇವು ಬೇರೆಯೇ. ಗೋಡೆಯ 230 ವೋಲ್ಟ್ ಕರೆಂಟು ನೇರವಾಗಿ ಪೆಟ್ಟಿಗೆಯ ಒಳಗೇ ಬರುತ್ತದೆ. ಒಳಗಿನ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟಿನಷ್ಟು ಡಿಸಿ ತುಂಬಿಕೊಳ್ಳುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಇದು ನಿಮ್ಮ ಮೊದಲ ರಿಪೇರಿಯಾದರೆ ಅವನ್ನು ಬಿಚ್ಚಬೇಡಿ. ಹೊರಗಿನ ಅಡಾಪ್ಟರ್‌ನಿಂದ 9 ಅಥವಾ 10 ವೋಲ್ಟ್ ತಗೊಳ್ಳುವ ಪೆಟ್ಟಿಗೆಗಳಿಗಷ್ಟೇ ಈ ಲೇಖನ.

ಬೇಕಾಗುವ ಸಾಮಾನು

ಡಿಜಿಟಲ್ ಮೀಟರ್ ಒಂದು. ಕಂಟಿನ್ಯುಟಿ ಇಟ್ಟಾಗ, ಅಂದರೆ ಎರಡು ಬಿಂದುಗಳ ನಡುವೆ ದಾರಿ ಇದೆಯೇ ಎಂದು ನೋಡುವಾಗ, ಬೀಪ್ ಕೂಗುವಂಥದ್ದೇ ಇರಲಿ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಉಷ್ಣತೆ ಹೊಂದಿಸುವ ಸ್ಟೇಷನ್ ಇದ್ದರೆ 320ರಿಂದ 350 ಡಿಗ್ರಿ ಸೆಲ್ಸಿಯಸ್ ಇಟ್ಟುಕೊಳ್ಳಿ. ಲೆಡ್ಡು, ಅಂದರೆ ಬೆಸುಗೆ ತಂತಿ, 60/40 ಅಥವಾ 63/37 ತಗೊಳ್ಳಿ. 63/37 ಎಂದರೆ 63 ಪಾಲು ತವರ, 37 ಪಾಲು ಸೀಸ. ಅದು 183 ಡಿಗ್ರಿಗೆ ಕರಗುತ್ತದೆ, ತಣ್ಣಗಾಗುವಾಗ ಥಟ್ಟನೆ ಗಟ್ಟಿಯಾಗುತ್ತದೆ. ಹೊಸಬರ ಕೈಗೆ ಅದೇ ವಾಸಿ.

ಹಳೆಯ ಬೆಸುಗೆ ಎಳೆದುಕೊಳ್ಳುವ ಸಕ್ಕರ್, ತಾಮ್ರದ ಎಳೆಗಳ ಜಡೆಯಂಥ ವಿಕ್, ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ರೋಸಿನ್ ಫ್ಲಕ್ಸ್, ಇಯರ್ ಬಡ್, ಹಳೆಯ ಟೂತ್‌ಬ್ರಷ್, ಐಪಿಎ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೋಹಾಲ್. ಐಪಿಎ 99 ಪರ್ಸೆಂಟಿನದೇ ಬೇಕು. ಸ್ಯಾನಿಟೈಸರ್‌ನಲ್ಲಿ ನೀರು ಸೇರಿರುತ್ತದೆ, ಥಿನ್ನರ್ ಮತ್ತು ಪೆಟ್ರೋಲು ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಪೈಪು, ತಗಡು ಬೆಸೆಯುವವರು ಬಳಸುವ ಆ್ಯಸಿಡ್ ಫ್ಲಕ್ಸನ್ನು ಬೋರ್ಡಿನ ಹತ್ತಿರಕ್ಕೂ ತರಬೇಡಿ. ಕೆಲಸ ಮಾಡಿದ ದಿನ ಚೆನ್ನಾಗಿ ಹಿಡಿಯುತ್ತದೆ, ಕೆಲವು ತಿಂಗಳಲ್ಲಿ ತಾಮ್ರದ ಗೆರೆಗಳನ್ನೇ ತಿಂದುಹಾಕಿರುತ್ತದೆ.

ಸಾಮಾನ್ಯ ಪಾರ್ಟುಗಳು ಮೈಸೂರಿನ ರೇಡಿಯೋ ಸ್ಪೇರ್ ಅಂಗಡಿಗಳಲ್ಲೂ ಇಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ಸಾಮಾನು ಮಾರುವ ಕಡೆಯೂ ಸಿಗುತ್ತವೆ. ಅಲ್ಲಿ ಸಿಗದ್ದಕ್ಕೆ ಬೆಳಗಿನ ಟ್ರೇನು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆ. ನಿಂಟೆಂಡೊ ಕ್ಯಾಸೆಟ್ಟುಗಳ ವಿಚಿತ್ರ ತಲೆಯ ಸ್ಕ್ರೂ ಬಿಚ್ಚಲು 3.8 ಮಿ.ಮೀ. ಗೇಮ್‌ಬಿಟ್ ಎಂಬ ಬಿಟ್ ಬೇಕು, ಅದನ್ನು ಆನ್‌ಲೈನ್‌ನಲ್ಲಿ ತರಿಸಿ. ಪೆನ್ನಿನ ಕೊಳವೆ ಕರಗಿಸಿ ಬಿಚ್ಚುವ ಉಪಾಯ ಎಲ್ಲರೂ ಹೇಳುತ್ತಾರೆ, ಅದು ಸ್ಕ್ರೂವಿನ ತಲೆಯನ್ನು ಸವೆಸಿಬಿಡುತ್ತದೆ.

1. ಅಡಾಪ್ಟರನ್ನು ಪೆಟ್ಟಿಗೆಗೆ ಸಿಕ್ಕಿಸುವ ಮುನ್ನ ಅಳೆಯಿರಿ

ಹೆಚ್ಚಿನ ಅನಾಹುತ ಇಲ್ಲೇ ಆಗುವುದು. ಅಟ್ಟದ ಡಬ್ಬದಲ್ಲಿ ಸಿಕ್ಕ ಯಾವುದೋ ಎಲಿಮಿನೇಟರ್ ತಂದು, ಪಿನ್ನು ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಚುಚ್ಚುತ್ತಾರೆ. ಪಿನ್ನಿನ ಅಳತೆ ಒಂದೇ ಆಗಿದ್ದರೂ ಒಳಗೆ ಬರುವ ಕರೆಂಟು ಒಂದೇ ಆಗಿರುವುದಿಲ್ಲ.

ಮೂರು ವಿಷಯ ನೋಡಿ. ಮೊದಲನೆಯದು, ಎಸಿಯೋ ಡಿಸಿಯೋ. ಎನ್‌ಇಎಸ್‌ನ ಮೂಲ ಅಡಾಪ್ಟರ್ 9 ವೋಲ್ಟ್ ಎಸಿ ಕೊಡುತ್ತದೆ, ಅದನ್ನು ಡಿಸಿ ಮಾಡುವ ಡಯೋಡುಗಳು ಪೆಟ್ಟಿಗೆಯ ಒಳಗಿವೆ. ಫ್ಯಾಮಿಕಾಮ್‌ನಲ್ಲಿ ಆ ಏರ್ಪಾಡಿಲ್ಲ, ಅದಕ್ಕೆ 10 ವೋಲ್ಟ್ ಡಿಸಿ ಬೇಕು. ಎನ್‌ಇಎಸ್ ಅಡಾಪ್ಟರನ್ನು ಫ್ಯಾಮಿಕಾಮ್‌ಗೆ ಹಾಕಿದರೆ ಒಳಗಿನ ರೆಗ್ಯುಲೇಟರು, ಕೆಪಾಸಿಟರು ಹೋಗುತ್ತವೆ.

ಎರಡನೆಯದು, ಪೋಲಾರಿಟಿ, ಅಂದರೆ ಪ್ಲಸ್ ಒಳಗಿದೆಯೋ ಹೊರಗಿದೆಯೋ. ಫ್ಯಾಮಿಕಾಮ್ ಮತ್ತು ಮೊದಲ ಮಾದರಿಯ ಮೆಗಾ ಡ್ರೈವ್‌ಗಳಲ್ಲಿ ನಡುವಿನ ತೂತು ಮೈನಸ್, ಹೊರಗಿನ ಬಳೆ ಪ್ಲಸ್. ಇಂದು ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ. ಮೆಗಾ ಡ್ರೈವ್‌ನ ಎರಡನೇ ಮಾದರಿಯಲ್ಲಿ ನಡುವೆ ಪ್ಲಸ್, ಪಿನ್ನೂ ಬೇರೆ. ನಕಲು ಪೆಟ್ಟಿಗೆಗಳಲ್ಲಿ ಎರಡೂ ಬಗೆ ಬರುತ್ತದೆ, ತಳದ ಸ್ಟಿಕರ್‌ನಲ್ಲಿ ಚಿತ್ರ ಇದ್ದರೆ ಅದನ್ನೇ ನಂಬಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿ ಪಿನ್ನಿನ ನಡುವಿಗೆ, ಕಪ್ಪು ಕಡ್ಡಿ ಹೊರಗಿನ ಲೋಹಕ್ಕೆ ಮುಟ್ಟಿಸಿ. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ನಡುವೆ ಮೈನಸ್.

ಮೂರನೆಯದು ವೋಲ್ಟೇಜು. ಟ್ರಾನ್ಸ್‌ಫಾರ್ಮರ್ ಇರುವ ತೂಕದ ಹಳೆಯ ಅಡಾಪ್ಟರುಗಳು, 9 ವೋಲ್ಟ್ ಎಂದು ಬರೆದಿದ್ದರೂ, ಲೋಡ್ ಇಲ್ಲದಿರುವಾಗ 12, 13 ತೋರಿಸುತ್ತವೆ. ಅದಕ್ಕೆ ಗಾಬರಿ ಬೇಡ. ಆದರೆ 12 ವೋಲ್ಟ್ ಎಂದೇ ಬರೆದಿರುವುದನ್ನು ಹಾಕಬೇಡಿ. ಪೆಟ್ಟಿಗೆಗೆ ಬೇಕಾದ್ದು 5 ವೋಲ್ಟ್, ಉಳಿದದ್ದೆಲ್ಲ ಒಳಗೆ ಶಾಖವಾಗಿ ಹೋಗಬೇಕು. ಅರ್ಧ ಆಂಪಿಯರ್ ಎಳೆಯುವ ಪೆಟ್ಟಿಗೆಗೆ 9 ವೋಲ್ಟ್ ಕೊಟ್ಟರೆ 2 ವ್ಯಾಟ್ ಶಾಖ, 12 ಕೊಟ್ಟರೆ ಮೂರೂವರೆ ವ್ಯಾಟ್.

ಜಪಾನಿನಿಂದ ಬಂದ ಅಡಾಪ್ಟರ್ 100 ವೋಲ್ಟಿನದು, ಅಮೆರಿಕದ್ದು 120 ವೋಲ್ಟಿನದು. ಅವನ್ನು ನಮ್ಮ ಗೋಡೆಗೆ ಹಾಕಿದರೆ ಕ್ಷಣದಲ್ಲಿ ಸುಡುತ್ತವೆ. ಪೆಟ್ಟಿಗೆಯನ್ನು ಇಟ್ಟುಕೊಂಡು ಅಡಾಪ್ಟರ್ ಮಾತ್ರ ಇಲ್ಲಿಯದು ಹೊಸದು ತಗೊಳ್ಳಿ. 9 ವೋಲ್ಟ್, 1 ಆಂಪಿಯರ್ ಅಥವಾ ಹೆಚ್ಚು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಪೆಟ್ಟಿಗೆ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

2. ಬಿಚ್ಚಿ, ಕಣ್ಣಿನಿಂದ ನೋಡಿ

ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೋ. ಪ್ರತಿ ವೈರ್ ಕಿತ್ತಾಗಲೂ ಇನ್ನೊಂದು ಫೋಟೋ. ಸ್ಕ್ರೂಗಳನ್ನು ತಿಂಡಿ ತಟ್ಟೆಯಲ್ಲಿ ರಾಶಿ ಹಾಕದೆ, ಕಾಗದದ ಮೇಲೆ ಪೆಟ್ಟಿಗೆಯ ಚಿತ್ರ ಬರೆದು ಆಯಾ ಜಾಗದಲ್ಲಿ ಚುಚ್ಚಿಡಿ, ಉದ್ದ ಬೇರೆ ಬೇರೆ ಇರುತ್ತವೆ.

ಅಟ್ಟದಲ್ಲಿದ್ದ ಪೆಟ್ಟಿಗೆಯೊಳಗೆ ಏನೆಲ್ಲ ಇರುತ್ತದೆ ಎಂದು ನೋಡಿದವರಿಗೇ ಗೊತ್ತು. ಜಿರಲೆ ಮೊಟ್ಟೆ, ಹಲ್ಲಿ ಹಿಕ್ಕೆ, ಇರುವೆ ಗೂಡು. ಇಲಿ ಉಚ್ಚೆ ಎಲ್ಲಕ್ಕಿಂತ ಕೆಟ್ಟದ್ದು, ತಾಮ್ರದ ಗೆರೆ ಹಸಿರಾಗಿ ಕಿಲುಬು ಹಿಡಿದು ಕತ್ತರಿಸಿಹೋಗಿರುತ್ತದೆ. ನಾಲೆ ಬಯಲಿನ ಕಡೆಯ ಮನೆಗಳಿಂದ ಬರುವ ಬೋರ್ಡುಗಳಲ್ಲಿ ತೇವದಿಂದ ಹಿಡಿದ ಕಿಲುಬನ್ನು ನಾನು ಹೆಚ್ಚು ಕಂಡಿದ್ದೇನೆ. ಒಣ ಬ್ರಷ್‌ನಿಂದ ಧೂಳು ಗುಡಿಸಿ, ಆಮೇಲೆ ಐಪಿಎ ಹಚ್ಚಿ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ. ಪೂರ್ತಿ ಆರುವವರೆಗೆ ಕರೆಂಟು ಕೊಡಬೇಡಿ.

ಬೋರ್ಡು ಶುಚಿಯಾದ ಮೇಲೆ ಒಳ್ಳೆಯ ಬೆಳಕಿನಲ್ಲಿ ನಿಧಾನವಾಗಿ ನೋಡಿ: ತಲೆ ಉಬ್ಬಿದ ಕೆಪಾಸಿಟರ್, ಬುಡದಲ್ಲಿ ಕಂದು ರಸ, ಸುಟ್ಟು ಕಪ್ಪಾದ ಜಾಗ, ಅಡಾಪ್ಟರ್ ಸಾಕೆಟ್ಟಿನ ಕಾಲುಗಳ ಸುತ್ತ ಬಳೆಯಂಥ ಬಿರುಕು. ಆ ಬಳೆಗೆ ಮೆಕ್ಯಾನಿಕ್ಕುಗಳು ಹೇಳುವ ಹೆಸರು ಡ್ರೈ ಸೋಲ್ಡರ್. ಮಕ್ಕಳು ವೈರು ಎಳೆದಾಡುವ ಜಾಗಗಳಲ್ಲೇ ಅದು ಬರುವುದು.

3. ಕ್ಯಾಸೆಟ್ ಮತ್ತು ಅದರ ಬಾಯಿ

ಲೈಟ್ ಬರುತ್ತದೆ, ಪರದೆ ಮಾತ್ರ ಕಪ್ಪು, ಬೂದು ಅಥವಾ ಒಂದೇ ಬಣ್ಣ. ಇಲ್ಲವೇ ಅಕ್ಷರಗಳೆಲ್ಲ ಕಲಸಿಹೋಗಿವೆ. ಇದನ್ನು ಕಂಡವರು 'ಐಸಿ ಹೋಗಿದೆ' ಎನ್ನುತ್ತಾರೆ. ಬಹಳ ಸಲ ಹೋಗಿರುವುದು ಪಿನ್ನುಗಳ ಸಂಪರ್ಕ ಅಷ್ಟೇ.

ಚಿಕ್ಕಂದಿನಲ್ಲಿ ನಾವೆಲ್ಲ ಕ್ಯಾಸೆಟ್ಟಿಗೆ ಬಾಯಿಂದ ಊದುತ್ತಿದ್ದೆವು. ಊದಿದಾಗ ಸರಿಹೋದಂತೆ ಅನಿಸುತ್ತಿದ್ದದ್ದು ತೆಗೆದು ಮತ್ತೆ ಹಾಕಿದ್ದರಿಂದ. ಉಸಿರಿನ ತೇವ ತಾಮ್ರಕ್ಕೆ ಒಳ್ಳೆಯದಲ್ಲ, ಊದಬೇಡಿರೆಂದು ನಿಂಟೆಂಡೊ ಕಂಪನಿಯೇ ಹೇಳಿತ್ತು.

ಕ್ಯಾಸೆಟ್ಟಿನ ಪಿನ್ನುಗಳನ್ನು ಐಪಿಎಯಲ್ಲಿ ಅದ್ದಿದ ಇಯರ್ ಬಡ್‌ನಿಂದ ಉಜ್ಜಿ, ಬಡ್ ಕಪ್ಪಾಗುವುದು ನಿಲ್ಲುವವರೆಗೆ. ಕಿಲುಬು ಗಟ್ಟಿಯಾಗಿದ್ದರೆ ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್‌ನಿಂದ ಮೆದುವಾಗಿ ಉಜ್ಜಿ, ಚೂರುಗಳನ್ನು ಒರೆಸಿ. ಮರಳು ಕಾಗದ ಬೇಡ, ಚಿನ್ನದ ಲೇಪನ ಇದ್ದರೆ ಅದೂ ಹೋಗುತ್ತದೆ. ಪೆಟ್ಟಿಗೆಯ ಬಾಯಿಗೆ, ಐಪಿಎ ಹಚ್ಚಿದ ತೆಳು ಬಟ್ಟೆಯನ್ನು ಹಳೆಯ ಎಟಿಎಂ ಕಾರ್ಡಿಗೆ ಸುತ್ತಿ ನಾಲ್ಕಾರು ಸಲ ಒಳಗೆ ಹೊರಗೆ ಆಡಿಸಿ. ಪಿನ್ನುಗಳು ಸಡಿಲವಾಗಿದ್ದರೆ ಸೂಜಿಯಿಂದ ಒಂದೊಂದನ್ನೇ ಕೂದಲೆಳೆಯಷ್ಟು ಮುಂದಕ್ಕೆ ತರಬಹುದು. ಜಾಸ್ತಿ ಎಳೆದರೆ ಮುರಿಯುತ್ತದೆ.

ಎನ್‌ಇಎಸ್ ಇರುವವರಿಗೆ ಒಂದು ವಿಶೇಷ. ಕೆಂಪು ಲೈಟು ಸೆಕೆಂಡಿಗೊಮ್ಮೆ ಮಿಣುಕುತ್ತಿದ್ದರೆ, ಅದು ಒಳಗಿನ ಲಾಕ್ ಚಿಪ್ ಯಂತ್ರವನ್ನು ಪದೇ ಪದೇ ರೀಸೆಟ್ ಮಾಡುತ್ತಿರುವುದು. ಅಸಲಿ ಕ್ಯಾಸೆಟ್ಟೇ ಎಂದು ಪರೀಕ್ಷಿಸುವ ಚಿಪ್ ಅದು, ಪಿನ್ ಕೊಳೆಯಾಗಿದ್ದರೂ ಅನುಮಾನ ಪಡುತ್ತದೆ. ಮೊದಲು ತೊಳೆಯಿರಿ. ಹಾಗೂ ನಿಲ್ಲದಿದ್ದರೆ, ಐದನೇ ಹಂತದಲ್ಲಿ ಐರನ್ ಬಿಸಿಯಾದಾಗ, ಆ ಚಿಪ್ಪಿನ ನಾಲ್ಕನೇ ಕಾಲನ್ನು ಬೋರ್ಡಿನಿಂದ ಬಿಡಿಸಿ ಮೇಲೆತ್ತಿದರೆ ಕಾವಲು ನಿಲ್ಲುತ್ತದೆ. ಕತ್ತರಿಸಬೇಡಿ, ಎತ್ತಿ. ನಾಳೆ ವಾಪಸ್ ಕೂರಿಸಬೇಕೆನಿಸಿದರೆ ಕೂರಿಸಬಹುದು. ಫ್ಯಾಮಿಕಾಮ್ ಮತ್ತು ಅದರ ನಕಲುಗಳಲ್ಲಿ ಈ ಚಿಪ್ಪೇ ಇಲ್ಲ.

4. 5 ವೋಲ್ಟ್ ಎಲ್ಲಿಯವರೆಗೆ ಬರುತ್ತಿದೆ?

ಲೈಟೇ ಬಾರದವರು ಇಲ್ಲಿ ಗಮನ ಕೊಡಿ. ಬೋರ್ಡಿನಲ್ಲಿ ಅಲ್ಯೂಮಿನಿಯಂ ತಗಡಿಗೆ ಸ್ಕ್ರೂ ಮಾಡಿದ ಮೂರು ಕಾಲಿನ ಒಂದು ಪಾರ್ಟ್ ಇರುತ್ತದೆ, ಮೈಮೇಲೆ 7805 ಎಂದು ಬರೆದಿರುತ್ತದೆ. ಅದೇ ರೆಗ್ಯುಲೇಟರ್, 9 ವೋಲ್ಟನ್ನು ಇಳಿಸಿ ಸ್ಥಿರವಾದ 5 ವೋಲ್ಟ್ ಕೊಡುವುದು. ಅಕ್ಷರಗಳು ನಿಮ್ಮ ಕಡೆಗಿರುವಂತೆ ಹಿಡಿದರೆ ಎಡಗಾಲು ಒಳಬರುವುದು, ನಡುಗಾಲು ಗ್ರೌಂಡ್ (ಮೈನಸ್ ಕಡೆ), ಬಲಗಾಲು ಹೊರಹೋಗುವುದು.

ಪೆಟ್ಟಿಗೆ ಆನ್ ಮಾಡಿ, ಮೀಟರಿನ ಕಪ್ಪು ಕಡ್ಡಿಯನ್ನು ನಡುಗಾಲಿಗೆ ಹಿಡಿದು ಕೆಂಪು ಕಡ್ಡಿಯಿಂದ ನೋಡುತ್ತ ಹೋಗಿ. ಎಡಗಾಲಿನಲ್ಲಿ ಏನೂ ಇಲ್ಲ ಎಂದರೆ ತಪ್ಪು ಇನ್ನೂ ಹಿಂದಿದೆ: ಸಾಕೆಟ್, ಸ್ವಿಚ್, ಫ್ಯೂಸ್ ಅಥವಾ ಡಯೋಡ್. ಆನ್-ಆಫ್ ಸ್ವಿಚ್ ಒಳಗೆ ಕಿಲುಬಾಗಿರುವುದು ಬಹಳ ಸಾಮಾನ್ಯ, ಐಪಿಎ ಎರಡು ಹನಿ ಬಿಟ್ಟು ಇಪ್ಪತ್ತು ಸಲ ಆಡಿಸಿ. ಎಡಗಾಲಿನಲ್ಲಿ 8, 9 ವೋಲ್ಟ್ ಇದೆ, ಬಲಗಾಲಿನಲ್ಲಿ 4.8ರಿಂದ 5.2ರ ಒಳಗಿದೆ ಎಂದರೆ ರೆಗ್ಯುಲೇಟರ್ ಚೆನ್ನಾಗಿದೆ. ಎಡಗಾಲಿನಲ್ಲಿ 7ಕ್ಕಿಂತ ಕಡಿಮೆ ಇದ್ದರೆ ಅದಕ್ಕೆ 5 ಹಿಡಿದಿಡಲು ಆಗುವುದಿಲ್ಲ, ಅಡಾಪ್ಟರ್ ಸೋತಿದೆ.

ಎಡಗಾಲಿನಲ್ಲಿ 9 ಇದ್ದು ಬಲಗಾಲಿನಲ್ಲಿ 1 ವೋಲ್ಟೋ 2 ವೋಲ್ಟೋ ಬರುತ್ತಿದ್ದರೆ ತಕ್ಷಣ 7805 ಬದಲಾಯಿಸಲು ಓಡಬೇಡಿ. ಮುಂದೆ ಎಲ್ಲೋ ಶಾರ್ಟ್ ಇದ್ದು ಅದು ತನ್ನನ್ನು ಕಾಪಾಡಿಕೊಳ್ಳಲು ಕರೆಂಟು ಕಡಿಮೆ ಮಾಡಿರಬಹುದು. ಪವರ್ ಕಿತ್ತು, ಬಲಗಾಲು ಮತ್ತು ಗ್ರೌಂಡ್ ನಡುವೆ ಕಂಟಿನ್ಯುಟಿ ನೋಡಿ. ಮೀಟರ್ ಬಿಡದೆ ಬೀಪ್ ಕೂಗಿದರೆ ಶಾರ್ಟ್ ಇದೆ. ಅದು ಕೆಪಾಸಿಟರೋ, ಚಿಪ್ಪೋ, ಬೆಸುಗೆಯ ಹನಿಯೋ ಪತ್ತೆಯಾಗದೆ ಹೊಸ 7805 ಹಾಕಿದರೆ ಅದೂ ಬಿಸಿಯಾಗಿ ಕೂರುತ್ತದೆ. ಶಾರ್ಟ್ ಇಲ್ಲದಿದ್ದರೆ ಐದನೇ ಹಂತದಲ್ಲಿ ಹೇಳುವ ವಿಧಾನದಿಂದ ಬದಲಾಯಿಸಿ, ತಗಡಿಗೆ ಹೊಸದಾಗಿ ಬಿಳಿ ಹೀಟ್ ಸಿಂಕ್ ಪೇಸ್ಟ್ ಹಚ್ಚಿ. ಮೊದಲ ಮಾದರಿಯ ಮೆಗಾ ಡ್ರೈವ್‌ನಲ್ಲಿ ಇಂಥವು ಎರಡಿರುತ್ತವೆ, ಎರಡನ್ನೂ ಅಳೆಯಿರಿ.

5. ಕೆಪಾಸಿಟರ್ ಬದಲಾವಣೆ

ಡಬ್ಬಿಯಾಕಾರದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಳಗೆ ದ್ರವ ಇರುತ್ತದೆ. ಮೂವತ್ತು ವರ್ಷ ಅಟ್ಟದ ಬಿಸಿಲಿಗೆ ಅದು ಒಣಗುತ್ತದೆ ಇಲ್ಲವೇ ಸೋರುತ್ತದೆ. ಪರದೆಯ ಮೇಲೆ ಅಲೆಯಂತೆ ಹರಿಯುವ ಪಟ್ಟಿ, ಹಿಂದೆ ಗುಂಯ್ ಶಬ್ದ, ಕಾದ ಮೇಲೆ ಸರಿಹೋಗುವ ಚಿತ್ರ, ಇವೆಲ್ಲ ಅದರ ಲಕ್ಷಣ. ಅಡಾಪ್ಟರ್ ಸಾಕೆಟ್ಟಿನ ಹತ್ತಿರದ ದೊಡ್ಡ ಕೆಪಾಸಿಟರಿನಿಂದ ಶುರು ಮಾಡಿ.

ಎಲ್ಲವನ್ನೂ ಒಮ್ಮೆಗೇ ಬದಲಾಯಿಸುವುದು ಈಗ ರೂಢಿಯಾಗಿದೆ. ನನಗೆ ಒಪ್ಪಿಗೆಯಿಲ್ಲ. ಚೆನ್ನಾಗಿರುವ ಹತ್ತನ್ನು ಕೀಳುವಾಗ ಒಂದು ತಾಮ್ರದ ಗೆರೆ ಹರಿದರೂ ನಷ್ಟ ನಿಮ್ಮದೇ. ಕೈಯಲ್ಲಿ ಹಿಡಿದು ಆಡುವ ಸೆಗಾ ಗೇಮ್ ಗಿಯರ್ ಮಾತ್ರ ಇದಕ್ಕೆ ಹೊರತು. ಅದರ ಪುಟ್ಟ ಕೆಪಾಸಿಟರುಗಳು ಸೋರುವುದಕ್ಕೇ ಹೆಸರುವಾಸಿ, ಸೋರಿದ ರಸ ಕೆಳಗಿನ ತಾಮ್ರವನ್ನು ತಿನ್ನುತ್ತದೆ, ಎಲ್ಲವನ್ನೂ ತೆಗೆಯಲೇಬೇಕು. ಐರನ್ ಮುಟ್ಟಿಸಿದಾಗ ಮೀನಿನ ವಾಸನೆ ಬಂದರೆ ರಸ ಸೋರಿದೆ ಎಂದು ತಿಳಿಯಿರಿ. ನಿಲ್ಲಿಸಿ, ಐಪಿಎಯಿಂದ ತೊಳೆದು ಮುಂದುವರಿಯಿರಿ.

ಹೊಸದನ್ನು ಆರಿಸುವಾಗ ಮೈಕ್ರೋಫ್ಯಾರಡ್ ಅಂಕಿ ಹಳೆಯದರಷ್ಟೇ ಇರಲಿ. ವೋಲ್ಟ್ ಅಂಕಿ ಅಷ್ಟೇ ಅಥವಾ ಹೆಚ್ಚಿರಲಿ, ಕಡಿಮೆ ಆಗಬಾರದು. 105 ಡಿಗ್ರಿ ಎಂದು ಬರೆದಿರುವುದನ್ನೇ ಕೇಳಿ ತಗೊಳ್ಳಿ. ಮೈಮೇಲಿನ ಪಟ್ಟೆ ಮೈನಸ್ ಕಾಲಿನ ಗುರುತು. ಕೀಳುವ ಮುನ್ನ ಪಟ್ಟೆ ಯಾವ ಕಡೆಗಿತ್ತೆಂದು ಫೋಟೋ ತೆಗೆದಿಡಿ. ಉಲ್ಟಾ ಹಾಕಿದರೆ ಉಬ್ಬಿ ಸಿಡಿಯುತ್ತದೆ.

ಕೀಳುವ ವಿಧಾನ. ಹಳೆಯ ಬೆಸುಗೆಯ ಮೇಲೆ ಮೊದಲು ಸ್ವಲ್ಪ ಹೊಸ ಲೆಡ್ಡು ಹಾಕಿ. ಇರುವುದನ್ನು ತೆಗೆಯಲು ಇನ್ನಷ್ಟು ಹಾಕುವುದೇಕೆ ಎಂದು ಎಲ್ಲರೂ ಕೇಳುತ್ತಾರೆ. ಹಳೆಯದು ಕಿಲುಬಾಗಿ ಸುಲಭವಾಗಿ ಕರಗುವುದಿಲ್ಲ, ಹೊಸದರಲ್ಲಿರುವ ಫ್ಲಕ್ಸ್ ಎರಡನ್ನೂ ಒಟ್ಟಿಗೆ ನೀರಾಗಿಸುತ್ತದೆ. ಆಗ ಸಕ್ಕರ್ ಒತ್ತಿ ಎಳೆಯಿರಿ. ಒಂದು ಜಾಗದಲ್ಲಿ ಮೂರು, ನಾಲ್ಕು ಸೆಕೆಂಡಿಗಿಂತ ಹೆಚ್ಚು ಐರನ್ ಇಡಬೇಡಿ. ಬರಲಿಲ್ಲವೇ, ಬಿಟ್ಟು, ತಣ್ಣಗಾದ ಮೇಲೆ ಮತ್ತೆ. ಕಾಲು ಅಲುಗಾಡದೆ ಕೆಪಾಸಿಟರನ್ನು ಎಳೆದರೆ ಪ್ಯಾಡ್, ಅಂದರೆ ಬೆಸುಗೆ ಕೂರುವ ತಾಮ್ರದ ಬಿಲ್ಲೆ, ಬೋರ್ಡಿನಿಂದ ಎದ್ದು ಬರುತ್ತದೆ. ನನ್ನ ಮೊದಲ ಬೋರ್ಡಿನಲ್ಲಿ ಅವಸರಕ್ಕೆ ಹೀಗೆ ಎರಡು ಪ್ಯಾಡ್ ಎಬ್ಬಿಸಿದ್ದೆ. ಅದನ್ನು ಸರಿಪಡಿಸಲು ಹಿಡಿದ ಸಮಯ ಇಡೀ ರಿಪೇರಿಗಿಂತ ಹೆಚ್ಚು.

ಎರಡು ಪಿನ್ನಿನ ಪ್ಲಗ್ ಇರುವ ಐರನ್ನಿನ ತುದಿಯಲ್ಲಿ ಸಣ್ಣ ಲೀಕೇಜ್ ಕರೆಂಟು ಇರಬಹುದು, ಕೆಪಾಸಿಟರಿಗೆ ಅದು ಲೆಕ್ಕಕ್ಕಿಲ್ಲ, ಚಿಪ್ಪಿಗೆ ಅಪಾಯ. ಮೂರು ಪಿನ್ನಿನ, ಅರ್ತ್ ಇರುವ ಐರನ್ ಬಳಸಿ. ಅದಿಲ್ಲದಿದ್ದರೆ ಚಿಪ್ಪಿನ ಕಾಲು ಮುಟ್ಟುವಾಗ ಐರನ್ನಿನ ಪ್ಲಗ್ ಕಿತ್ತು, ಉಳಿದ ಬಿಸಿಯಲ್ಲೇ ಕೆಲಸ ಮುಗಿಸಿ. ಕಿಟಕಿ ತೆರೆದಿರಲಿ, ಮಕ್ಕಳು ದೂರ ಇರಲಿ. ಲೆಡ್ಡಿನಲ್ಲಿ ಸೀಸ ಇದೆ, ಕೈ ಸೋಪು ಹಾಕಿ ತೊಳೆಯದೆ ಏನೂ ತಿನ್ನಬೇಡಿ.

6. ಡ್ರೈ ಸೋಲ್ಡರ್ ಮತ್ತು ತುಂಡಾದ ಗೆರೆ

ಬಿರುಕಿನ ಬಳೆ ಕಂಡ ಕಡೆ ಫ್ಲಕ್ಸ್ ಹಚ್ಚಿ, ಐರನ್ ಇಟ್ಟು, ಚೂರು ಹೊಸ ಲೆಡ್ಡು ಕೊಟ್ಟು ಹೊಳೆಯುವಂತೆ ಮಾಡಿ. ಸಾಕೆಟ್, ಸ್ವಿಚ್, ಕ್ಯಾಸೆಟ್ ಬಾಯಿಯ ಕಾಲುಗಳನ್ನು ಬಿರುಕು ಕಾಣದಿದ್ದರೂ ಒಮ್ಮೆ ಹೀಗೆ ಮಾಡುವುದು ಒಳ್ಳೆಯದು. ಆಮೇಲೆ ಅಕ್ಕಪಕ್ಕದ ಕಾಲುಗಳ ನಡುವೆ ಲೆಡ್ಡು ಸೇತುವೆ ಕಟ್ಟಿಲ್ಲವೆಂದು ಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ.

ಗೆರೆ ತುಂಡಾಗಿದ್ದರೆ ಎರಡೂ ಕಡೆ ಹಸಿರು ಬಣ್ಣವನ್ನು ಬ್ಲೇಡಿನಿಂದ ಕೆರೆದು ತಾಮ್ರ ಕಾಣಿಸಿ, ತೆಳುವಾದ ವೈರ್ ಬೆಸೆಯಿರಿ. ಗೆರೆಯ ಮೇಲೇ ಬೆಸೆಯುವುದಕ್ಕಿಂತ, ಅದು ಶುರುವಾಗುವ ಕಾಲಿನಿಂದ ಮುಗಿಯುವ ಕಾಲಿಗೆ ನೇರ ವೈರ್ ಎಳೆಯುವುದು ಗಟ್ಟಿ.

7. ಹೊಸ ಟಿವಿಗೆ ಕೊಡುವುದು

ಇದು ಮಾರ್ಪಾಡು, ರಿಪೇರಿಯಲ್ಲ. ಪೆಟ್ಟಿಗೆ ಚೆನ್ನಾಗಿ ಓಡುತ್ತಿದೆ ಎಂದು ಖಾತ್ರಿಯಾದ ಮೇಲಷ್ಟೇ ಕೈಹಾಕಿ. ಹಿಂದೆ ಹಳದಿ, ಬಿಳಿ ಸಾಕೆಟ್ ಇದ್ದರೆ ಏನೂ ಕೊರೆಯಬೇಕಿಲ್ಲ. ಟಿವಿಯ ಎವಿ ಸಾಕೆಟ್ಟಿಗೆ ಕೊಡಿ, ಅದಿಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಡಬ್ಬಿ ತಗೊಳ್ಳಿ. ಟಿವಿಯಲ್ಲಿ ಇಯರ್‌ಫೋನಿನಂಥ ಒಂದೇ ತೂತು ಇದ್ದರೆ ಅದರ ಕೇಬಲ್ಲಿನಲ್ಲಿ ಗ್ರೌಂಡ್ ಬರುವ ಜಾಗ ಕಂಪನಿಯಿಂದ ಕಂಪನಿಗೆ ಬೇರೆ. ಚಿತ್ರ ಬಾರದಿದ್ದರೆ ಕೇಬಲ್ ಬದಲಿಸಿ ನೋಡಿ, ಪೆಟ್ಟಿಗೆಯನ್ನು ದೂರಬೇಡಿ.

ಆ್ಯಂಟೆನಾ ವೈರ್ ಮಾತ್ರ ಇದ್ದರೆ ಬೋರ್ಡಿನಲ್ಲಿ ಒಂದು ಪುಟ್ಟ ತಗಡಿನ ಡಬ್ಬಿ ಇರುತ್ತದೆ. ಅದು ಆರ್‌ಎಫ್ ಮಾಡ್ಯುಲೇಟರ್, ಚಿತ್ರ ಮತ್ತು ಧ್ವನಿಯನ್ನು ಟಿವಿ ಚಾನೆಲ್ ರೂಪಕ್ಕೆ ತಿರುಗಿಸುವುದು. ನಮಗೆ ಬೇಕಾದ ಸಂಕೇತ ಅದರೊಳಗೆ ಹೋಗುವ ಮುನ್ನವೇ ಶುದ್ಧವಾಗಿದೆ. ಡಬ್ಬಿಯ ತಗಡು ಗ್ರೌಂಡ್. ಒಳಹೋಗುವ ಕಾಲುಗಳಲ್ಲಿ ಮೀಟರಿಗೆ 5 ವೋಲ್ಟ್ ತೋರಿಸುವುದನ್ನು ಬಿಡಿ, ಉಳಿದವುಗಳಲ್ಲಿ ಒಂದು ಚಿತ್ರ, ಒಂದು ಧ್ವನಿ. 220 ಮೈಕ್ರೋಫ್ಯಾರಡ್ ಕೆಪಾಸಿಟರಿನ ಪ್ಲಸ್ ಕಾಲನ್ನು ಬೋರ್ಡಿನ ಕಡೆಗೆ ಹಿಡಿದು, ಮೈನಸ್ ಕಾಲನ್ನು 75 ಓಮ್ ರೆಸಿಸ್ಟರ್ ಮೂಲಕ ಟಿವಿಯ ಹಳದಿ ವೈರಿನ ನಡುವಿಗೆ ಕೊಟ್ಟು, ಒಂದೊಂದಾಗಿ ಮುಟ್ಟಿಸಿ ನೋಡಿ. ಚಿತ್ರ ಬಂದ ಕಾಲೇ ವಿಡಿಯೋ.

ಚಿತ್ರ ಚೆನ್ನಾಗಿದ್ದರೆ ಅಲ್ಲಿಗೇ ಮುಗಿಯಿತು. ಮಂಕಾಗಿ, ಅಲುಗುತ್ತ ಬಂದರೆ ಸಂಕೇತಕ್ಕೆ ಟಿವಿಯನ್ನು ನಡೆಸುವ ಬಲ ಸಾಲದು. ಆಗ ಒಂದು ಬಿಸಿ 557 ಟ್ರಾನ್ಸಿಸ್ಟರ್ ಬೇಕು. ಬೇಸ್ ಕಾಲಿಗೆ ವಿಡಿಯೋ, ಕಲೆಕ್ಟರ್ ಗ್ರೌಂಡಿಗೆ, ಎಮಿಟರಿನಿಂದ 300 ಓಮ್ ಆಸುಪಾಸಿನ ರೆಸಿಸ್ಟರ್ 5 ವೋಲ್ಟಿಗೆ. ಅದೇ ಎಮಿಟರಿನಿಂದ 220 ಮೈಕ್ರೋಫ್ಯಾರಡ್ (ಪ್ಲಸ್ ಎಮಿಟರ್ ಕಡೆ), 100 ಓಮ್ ಆಸುಪಾಸಿನ ರೆಸಿಸ್ಟರ್, ಅಲ್ಲಿಂದ ಹಳದಿ ಸಾಕೆಟ್. ಚಪ್ಪಟೆ ಮುಖ ನಿಮ್ಮ ಕಡೆಗಿದ್ದರೆ ಬಿಸಿ 557ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯವರು ಬದಲಿಯಾಗಿ 2ಎನ್ 3906 ಕೊಟ್ಟರೆ ಅದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್, ಪೂರ್ತಿ ತಿರುಗುಮುರುಗು. ಹೆಚ್ಚಿನವರು ಎಡವುವುದು ಇಲ್ಲಿ. ಧ್ವನಿಯ ಕಾಲಿನಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಬಿಳಿ ಸಾಕೆಟ್ಟಿಗೆ ಕೊಟ್ಟರೆ ಸಾಕು.

ಚಿತ್ರ ಕಪ್ಪು ಬಿಳುಪಾಗಿ ಅಥವಾ ಉರುಳುತ್ತ ಬಂದರೆ ನಿಮ್ಮ ಬೆಸುಗೆ ತಪ್ಪಿಲ್ಲ. ಬೋರ್ಡಿನ ಕ್ರಿಸ್ಟಲ್, ಅಂದರೆ ಬೆಳ್ಳಿ ಬಣ್ಣದ ಪುಟ್ಟ ಲೋಹದ ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ. ಫ್ಯಾಮಿಕಾಮ್ ಜಾತಿಯಲ್ಲಿ 26.6 ಎಂದಿದ್ದರೆ ಅದು ಭಾರತದಲ್ಲಿ ಬಳಸುವ ಪಾಲ್ ಎಂಬ ಟಿವಿ ಪದ್ಧತಿ, 21.47 ಎಂದಿದ್ದರೆ ಜಪಾನ್, ಅಮೆರಿಕದ ಎನ್‌ಟಿಎಸ್‌ಸಿ. ಟಿವಿಯ ಅಥವಾ ಡಬ್ಬಿಯ ಸೆಟ್ಟಿಂಗನ್ನು ಅದಕ್ಕೆ ಹೊಂದಿಸಿ.

ಮೆಗಾ ಡ್ರೈವ್‌ಗೆ 50/60 ಸ್ವಿಚ್, ಅಂದರೆ ಚಿತ್ರವನ್ನು 50 ಹರ್ಟ್ಜ್‌ಗೋ 60 ಹರ್ಟ್ಜ್‌ಗೋ ಬದಲಿಸುವ ಸ್ವಿಚ್, ಹಾಕಬೇಕೆನ್ನುವವರು ಇದ್ದಾರೆ. ಪಾಲ್ ಯಂತ್ರದಲ್ಲಿ ಜಪಾನಿನ ಆಟಗಳು ಆರರಲ್ಲಿ ಒಂದು ಪಾಲು ನಿಧಾನ ಓಡುತ್ತವೆ, ಹಾಗಾಗಿ ಆಸೆ ಸಹಜ. ಒಂದು ತುದಿಗೆ 5 ವೋಲ್ಟ್, ಇನ್ನೊಂದು ತುದಿಗೆ ಗ್ರೌಂಡ್, ಸ್ವಿಚ್ಚಿನ ನಡುಗಾಲಿನಿಂದ ವಿಡಿಯೋ ಚಿಪ್ಪಿನಲ್ಲಿ 50/60 ಆರಿಸುವ ಕಾಲಿಗೆ. ಆದರೆ ಬೋರ್ಡಿನಲ್ಲಿ ಈಗಾಗಲೇ ಇರುವ ಜಂಪರನ್ನು, ಅಂದರೆ ಆ ಕಾಲಿಗೆ ಹಾಕಿರುವ ಕೊಂಡಿಯನ್ನು, ಮೊದಲು ಬಿಡಿಸಲೇಬೇಕು. ಬಿಡಿಸದೆ ಸ್ವಿಚ್ ತಿರುಗಿಸಿದರೆ 5 ವೋಲ್ಟ್ ನೇರ ಗ್ರೌಂಡಿಗೆ ಶಾರ್ಟ್.

ಬಂದೂಕಿನ ಬಗ್ಗೆ ಬಹಳ ಜನ ಕೇಳುತ್ತೀರಿ. ಬಾತುಕೋಳಿ ಹೊಡೆಯುವ ಆ ಬಂದೂಕು ಎಲ್‌ಸಿಡಿ, ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡದು. ಅದು ಹಳೆಯ ದಪ್ಪ ಟಿವಿಯ ಬೆಳಕಿನ ಮಿನುಗನ್ನು ಹಿಡಿಯಲೆಂದೇ ಮಾಡಿದ್ದು. ರಿಪೇರಿ ಮಾಡಲು ಅಲ್ಲಿ ಏನೂ ಕೆಟ್ಟಿಲ್ಲ.

8. ರಿಮೋಟು, ಕ್ಯಾಸೆಟ್ಟಿನ ಸೆಲ್ಲು

ಬಟನ್ ಒತ್ತಿದರೂ ಕೇಳದಿದ್ದರೆ ರಿಮೋಟ್ ಬಿಚ್ಚಿ ಕರಿ ರಬ್ಬರನ್ನೂ ಬೋರ್ಡಿನ ಕರಿ ಬಿಲ್ಲೆಗಳನ್ನೂ ಐಪಿಎಯಿಂದ ಮೆಲ್ಲಗೆ ಒರೆಸಿ. ಎಲ್ಲ ಬಟನ್‌ಗಳೂ ಒಟ್ಟಿಗೆ ಬಿಟ್ಟುಬಿಟ್ಟು ಕೆಲಸ ಮಾಡಿದರೆ ವೈರ್ ಕುತ್ತಿಗೆಯಲ್ಲಿ ಒಳಗೇ ತುಂಡಾಗಿದೆಯೇ ನೋಡಿ. ಆಗ ಎರಡಂಗುಲ ಕತ್ತರಿಸಿ ಮರಳಿ ಬೆಸೆಯಬೇಕು, ಐದೂ ವೈರ್‌ಗಳ ಬಣ್ಣ ಬರೆದಿಟ್ಟುಕೊಂಡು.

ಆಟವನ್ನು ಅರ್ಧಕ್ಕೆ ಉಳಿಸಿಡುವ ಕ್ಯಾಸೆಟ್ಟುಗಳಲ್ಲಿ ಸಾಮಾನ್ಯವಾಗಿ ಸಿಆರ್ 2032 ಸೆಲ್ ಇರುತ್ತದೆ. ಅದನ್ನು ತೆಗೆದರೆ ಉಳಿಸಿದ್ದೆಲ್ಲ ಹೋಗುತ್ತದೆ, ಮನಸ್ಸು ಗಟ್ಟಿ ಮಾಡಿಕೊಂಡೇ ತೆಗೆಯಿರಿ. ಬರಿಯ ಸೆಲ್ಲಿನ ಮೈಗೆ ಐರನ್ ಹಚ್ಚಬೇಡಿ, ಬಿಸಿಗೆ ಸಿಡಿಯಬಹುದು. ಕಾಲು ಬೆಸೆದೇ ಬರುವ ಸೆಲ್ ಕೇಳಿ ತಗೊಳ್ಳಿ, ಇಲ್ಲವೇ ಹೋಲ್ಡರ್ ಕೂರಿಸಿ.

9. ಮುಚ್ಚುವುದು

ತಕ್ಷಣ ಮುಚ್ಚಬೇಡಿ. ಬೋರ್ಡು ತೆರೆದಿರುವಂತೆಯೇ ಒಂದು ಗಂಟೆ ಆಡಿಸಿ, ನಡುನಡುವೆ 7805ರ ತಗಡನ್ನು ಬೆರಳಿಂದ ಮುಟ್ಟಿ. ಬಿಸಿ ಇರುವುದು ಸಹಜ, ಬೆರಳಿಡಲು ಆಗದಷ್ಟು ಸುಡುತ್ತಿದ್ದರೆ ನಾಲ್ಕನೇ ಹಂತಕ್ಕೆ ವಾಪಸ್. ಉಳಿದ ಫ್ಲಕ್ಸನ್ನು ಐಪಿಎಯಿಂದ ತೊಳೆಯಿರಿ, ಹೊಸ ವೈರ್‌ಗಳು ತಗಡಿಗೂ ಸ್ಕ್ರೂ ಕಂಬಗಳಿಗೂ ಸಿಕ್ಕಿಕೊಳ್ಳದಂತೆ ಟೇಪ್ ಹಾಕಿ. ಪ್ಲಾಸ್ಟಿಕ್ಕಿನ ಸ್ಕ್ರೂ ತೂತಿನಲ್ಲಿ ಮೊದಲು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ, 'ಟಕ್' ಎಂದು ಹಳೆಯ ಮರೆಗೆ ಕೂತ ಮೇಲೆ ಬಿಗಿ ಮಾಡಿ.

ಆಮೇಲೆ ಒಂದು ಸಣ್ಣ ಚೀಟಿಯಲ್ಲಿ ತಾರೀಖು, ಬದಲಾಯಿಸಿದ ಪಾರ್ಟುಗಳು, ಅಡಾಪ್ಟರಿನ ವೋಲ್ಟು, ನಡುವೆ ಪ್ಲಸ್ಸೋ ಮೈನಸ್ಸೋ ಎಂಬುದನ್ನು ಬರೆದು ಪೆಟ್ಟಿಗೆಯ ತಳಕ್ಕೆ ಅಂಟಿಸಿ. ಅಡಾಪ್ಟರಿಗೂ ಅದೇ ಹೆಸರಿನ ಇನ್ನೊಂದು ಚೀಟಿ, ಎರಡನ್ನೂ ಒಂದೇ ಚೀಲದಲ್ಲಿಡಿ. ಇಡುವುದಾದರೆ ಅಟ್ಟದ ಮೇಲಲ್ಲ, ಬೀರುವಿನಲ್ಲಿ.